ಮಂಗ, ಹಂದಿ, ಮುಯ್ಯಾಳು: ಕಾಗದ ಪೆನ್ಸಿಲ್ ಹಿಡಿದು ಗೇಮ್ ಥಿಯರಿ ಕಲಿಯುವುದು ಹೇಗೆ

ಮೊದಲು 21 ಹುಣಸೆ ಬೀಜ ಎಣಿಸಿಟ್ಟುಕೊಳ್ಳಿ. ತಮಾಷೆ ಅಲ್ಲ, ಬೇಕಾಗುತ್ತದೆ.

ಜುಲೈ ತಿಂಗಳಲ್ಲಿ ತೀರ್ಥಹಳ್ಳಿ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ, ಹೋಯ್ತು ಅಂದ್ರೆ ಹೋಯ್ತು. ಅಂಥ ಒಂದು ಸಂಜೆ ಅಕ್ಕನ ಮಗಳನ್ನು ಸುಮ್ಮನಿರಿಸಲು ನಾನು ಈ ಆಟ ತೆಗೆದೆ. ಆಮೇಲೆ ಯಾರು ಕೇಳಿದರೂ ಗೇಮ್ ಥಿಯರಿಯನ್ನು, ಅಂದರೆ ಎದುರಿನವರು ಏನು ಮಾಡಬಹುದು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿದು ತೀರ್ಮಾನ ಮಾಡುವ ಶಾಸ್ತ್ರವನ್ನು, ಇಲ್ಲಿಂದಲೇ ಹೇಳಿಕೊಡುತ್ತಿದ್ದೇನೆ. ನಿಯಮ ಇಷ್ಟೇ: ಇಬ್ಬರು ಸರದಿಯ ಮೇಲೆ ತೆಗೆಯಬೇಕು, ಒಂದು ಸಲಕ್ಕೆ ಒಂದು, ಎರಡು ಅಥವಾ ಮೂರು ಬೀಜ. ಕೊನೆಯ ಬೀಜ ತೆಗೆದವರು ಗೆದ್ದರು.

ಎಲ್ಲರೂ ಮೊದಲಿನಿಂದ ಯೋಚಿಸುತ್ತಾರೆ. 21ರಲ್ಲಿ ಎರಡು ತೆಗೆಯಲಾ, ಮೂರು ತೆಗೆಯಲಾ ಅಂತ. ತಲೆ ಕೆಡುತ್ತದೆ. ಕೊನೆಯಿಂದ ಯೋಚಿಸಿ. ನನ್ನ ಸರದಿಗೆ ಮೂರೋ ಅದಕ್ಕಿಂತ ಕಡಿಮೆಯೋ ಉಳಿದಿದ್ದರೆ ಎಲ್ಲಾ ಬಾಚಿಕೊಂಡು ಗೆದ್ದೆ. ನಾಲ್ಕು ಉಳಿದಿದ್ದರೆ? ಎಷ್ಟು ತೆಗೆದರೂ ಎದುರಿನವಳಿಗೆ ಒಂದರಿಂದ ಮೂರು ಉಳಿಯುತ್ತದೆ, ಸೋತೆ. ಹಾಗಾದರೆ ನಾಲ್ಕನ್ನು ಅವಳ ಪಾಲಿಗೆ ಬಿಡಬೇಕು. ನಾಲ್ಕು ಬಿಡಬೇಕು ಅಂದರೆ ಅದಕ್ಕೂ ಮುಂಚೆ ಎಂಟು ಬಿಟ್ಟಿರಬೇಕು, ಅದಕ್ಕೂ ಮುಂಚೆ ಹನ್ನೆರಡು, ಹದಿನಾರು, ಇಪ್ಪತ್ತು. ಅಂದರೆ ಮೊದಲ ಸರದಿ ನನ್ನದಾದರೆ ಒಂದೇ ಒಂದು ಬೀಜ ತೆಗೆದು ಕೂತರೆ ಸಾಕು. ಆಮೇಲೆ ಅವಳು ಒಂದು ತೆಗೆದರೆ ನಾನು ಮೂರು, ಎರಡಕ್ಕೆ ಎರಡು, ಮೂರಕ್ಕೆ ಒಂದು. ಅವಳು ಎಷ್ಟೇ ಬುದ್ಧಿವಂತೆ ಆದರೂ ಗೆಲ್ಲಲು ಆಗುವುದಿಲ್ಲ. ಹೀಗೆ ಕೊನೆಯಿಂದ ಹಿಂದಕ್ಕೆ ನಡೆಯುವುದಕ್ಕೆ ಬ್ಯಾಕ್‌ವರ್ಡ್ ಇಂಡಕ್ಷನ್ ಅನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಇಷ್ಟೇ. ಇದನ್ನು ಮರೆಯಬೇಡಿ, ಮುಂದೆ ಒಂದು ಕಡೆ ಇದೇ ಉಪಾಯ ನಮಗೇ ಉರುಳಾಗುತ್ತದೆ.

ಈಗ ಒಂದು ಗೆರೆ ಎಳೆದುಕೊಳ್ಳೋಣ. ಯಾವುದು ಗೇಮ್, ಯಾವುದು ಅಲ್ಲ? ಕೊಳೆ ರೋಗ ಬರುವ ಮುಂಚೆ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯಬೇಕಾ, ಇನ್ನೊಂದು ವಾರ ಕಾಯಬೇಕಾ? ಇದು ಕಷ್ಟದ ಲೆಕ್ಕವೇ, ಆದರೆ ಗೇಮ್ ಅಲ್ಲ. ಮಳೆ ನಿಮ್ಮನ್ನು ನೋಡಿಕೊಂಡು ಬರುವುದಿಲ್ಲ. ಪಕ್ಕದ ತೋಟದವನು, ಮಂಡಿಯ ವ್ಯಾಪಾರಿ, ಎದುರಿಂದ ಬರುವ ಜೀಪಿನವನು ನಿಮ್ಮನ್ನು ನೋಡಿಕೊಂಡೇ ಮಾಡುತ್ತಾರೆ. ನಿಮಗೆ ಸಿಗುವುದು ನಿಮ್ಮ ಆಯ್ಕೆಯ ಮೇಲೆ ಮಾತ್ರ ಅಲ್ಲ, ಅವರ ಆಯ್ಕೆಯ ಮೇಲೂ ನಿಂತಿದ್ದರೆ ಅದು ಗೇಮ್.

ಮಂಗನ ಲೆಕ್ಕ

ಬೀಜದ ಆಟದಲ್ಲಿ ಸರದಿ ಇತ್ತು. ಇಬ್ಬರೂ ಒಂದೇ ಹೊತ್ತಿಗೆ ತೀರ್ಮಾನ ಮಾಡಬೇಕಾದಾಗ ಚೌಕ ಬರೆಯಬೇಕು. ಎರಡು ಅಡಿಕೆ ತೋಟ, ಮಧ್ಯೆ ಒಂದು ಅಗಳ. ಮಂಗನ ಕಾಟ. ನಾನು ಆಳು ಇಟ್ಟು ಪಟಾಕಿ ಹೊಡೆಸಿ ಕಾವಲು ಹಾಕಬಹುದು, ಇಲ್ಲ ಸುಮ್ಮನಿರಬಹುದು. ಪಕ್ಕದವನಿಗೂ ಇವೆರಡೇ ದಾರಿ. ಎರಡಕ್ಕೆ ಎರಡು, ಒಟ್ಟು ನಾಲ್ಕು ಮನೆ. ಚೆನ್ನೆಮಣೆಗಿಂತ ಸುಲಭ.

ಪ್ರತಿ ಮನೆಯಲ್ಲೂ ಎರಡು ಸಂಖ್ಯೆ: ವರ್ಷಕ್ಕೆ ನನಗಾಗುವ ನಷ್ಟ, ಅವನಿಗಾಗುವ ನಷ್ಟ. ಸಾವಿರ ರೂಪಾಯಿಗಳಲ್ಲಿ. ಸಂಖ್ಯೆ ನಾನು ಹಾಕಿಕೊಂಡದ್ದು, ನಿಮ್ಮ ತೋಟದ್ದು ನೀವು ಹಾಕಿಕೊಳ್ಳಿ.

ಇಬ್ಬರೂ ಸುಮ್ಮನಿದ್ದರೆ: ನನಗೆ 10, ಅವನಿಗೆ 10.
ನಾನು ಕಾವಲು, ಅವನು ಸುಮ್ಮನೆ: ನನಗೆ 6, ಅವನಿಗೆ 20.
ನಾನು ಸುಮ್ಮನೆ, ಅವನು ಕಾವಲು: ನನಗೆ 20, ಅವನಿಗೆ 6.
ಇಬ್ಬರೂ ಕಾವಲು: ನನಗೆ 14, ಅವನಿಗೆ 14.

ಆ 6 ಕಾವಲಿನ ಖರ್ಚು. ನಾನೊಬ್ಬನೇ ಓಡಿಸಿದರೆ ಮಂಗ ಮಾಯ ಆಗುವುದಿಲ್ಲ, ಅಗಳ ದಾಟಿ ಅವನ ತೋಟಕ್ಕೆ ಹೋಗುತ್ತದೆ, ಅದಕ್ಕೇ ಅವನಿಗೆ 20. ಇಬ್ಬರೂ ಓಡಿಸಿದರೆ ಅವು ಅಲ್ಲೇ ಅಗಳದ ಮರದ ಮೇಲೆ ಕೂತು ಹೊತ್ತು ನೋಡಿ ಇಳಿಯುತ್ತವೆ. ಖರ್ಚು 6, ನಷ್ಟ 8, ಒಟ್ಟು 14.

ಈಗ ಅಂಗೈಯಿಂದ ಅರ್ಧ ಚೌಕ ಮುಚ್ಚಿ. ನಿಜವಾಗಿಯೂ ಮುಚ್ಚಿ, ಮನಸ್ಸಿನಲ್ಲೇ ಮಾಡಲು ಹೋದವರು ಎಡವುತ್ತಾರೆ. ಅವನು ಸುಮ್ಮನಿದ್ದಾನೆ ಅಂತ ಇಟ್ಟುಕೊಂಡರೆ ನನ್ನ ಮುಂದೆ 10 ಮತ್ತು 6 ಇದೆ. 6 ಒಳ್ಳೆಯದು, ಅಡಿಗೆರೆ ಹಾಕಿ. ಅವನು ಕಾವಲು ಹಾಕಿದ್ದಾನೆ ಅಂತ ಇಟ್ಟುಕೊಂಡರೆ 20 ಮತ್ತು 14. 14ಕ್ಕೆ ಅಡಿಗೆರೆ. ಅವನು ಏನೇ ಮಾಡಲಿ, ನನಗೆ ಕಾವಲೇ ಲಾಭ. ಇಂಥದ್ದಕ್ಕೆ ಡಾಮಿನೆಂಟ್ ಸ್ಟ್ರಾಟಜಿ ಅಂತ ಹೆಸರು. ಅವನ ಕಡೆಯಿಂದಲೂ ಹಾಗೇ ಮಾಡಿ. ಎರಡೂ ಸಂಖ್ಯೆಗೆ ಅಡಿಗೆರೆ ಬಿದ್ದ ಮನೆ ಯಾವುದು? 14, 14. ಅದೇ ನ್ಯಾಶ್ ಸಮತೋಲನ. ಅಲ್ಲಿ ನಿಂತ ಮೇಲೆ ಯಾರೊಬ್ಬರೂ ಒಬ್ಬರೇ ಬದಲಾಯಿಸಿ ಲಾಭ ಮಾಡಿಕೊಳ್ಳಲು ಆಗುವುದಿಲ್ಲ.

ಆದರೆ ಇಬ್ಬರೂ ಸುಮ್ಮನಿದ್ದಿದ್ದರೆ 10, 10 ಆಗುತ್ತಿತ್ತಲ್ವಾ? ಇಬ್ಬರೂ ಬುದ್ಧಿ ಉಪಯೋಗಿಸಿಯೇ ನಾಲ್ಕು ನಾಲ್ಕು ಸಾವಿರ ಕಳೆದುಕೊಂಡರು. ಸಮತೋಲನ ಅಂದ ಕೂಡಲೇ ಒಳ್ಳೆಯದು ಅಂದುಕೊಳ್ಳಬೇಡಿ, ಕೆಸರಲ್ಲಿ ಹೂತ ಎತ್ತಿನ ಗಾಡಿಯೂ ಅಲುಗಾಡದೆ ನಿಂತಿರುತ್ತದೆ. ಈ ಆಕಾರದ ಆಟವನ್ನು 1950ರಲ್ಲಿ ಅಮೆರಿಕದ ರಾಂಡ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಶರ್ ಕಟ್ಟಿದರು. ಅದಕ್ಕೆ ಇಬ್ಬರು ಕೈದಿಗಳ ಕಥೆ ಜೋಡಿಸಿದವರು ಗಣಿತಜ್ಞ ಆಲ್ಬರ್ಟ್ ಟಕರ್. ಅದಕ್ಕೇ ಎಲ್ಲ ಪುಸ್ತಕಗಳಲ್ಲೂ ಇದು ಕೈದಿಗಳ ಇಕ್ಕಟ್ಟು ಎಂದೇ ಇರುತ್ತದೆ. ಅದೇ 1950ರಲ್ಲಿ 21 ವರ್ಷದ ಹುಡುಗ ಜಾನ್ ನ್ಯಾಶ್, ಆಟಗಾರರೂ ದಾರಿಗಳೂ ಎಣಿಕೆಗೆ ಸಿಗುವಷ್ಟಿದ್ದರೆ ಇಂಥ ಒಂದು ಸಮತೋಲನ ಇದ್ದೇ ಇರುತ್ತದೆ ಎಂದು ತೋರಿಸಿದ. ನೊಬೆಲ್ ಬಂದದ್ದು 1994ರಲ್ಲಿ.

ಇಲ್ಲಿ ನಾನು ಮಾಡಿದ ಒಂದು ತಪ್ಪು ಹೇಳಲೇಬೇಕು. ಮೊದಲ ಸಲ ಈ ಚೌಕ ಬರೆದಾಗ ಪಕ್ಕದವರ ಸಂಖ್ಯೆಯನ್ನೂ ನನ್ನದರ ಹಾಗೇ ಬರೆದೆ. ಒಂದು ದಿನ ಅವರೇ ಅಂದರು, ‘ನಿಮ್ಮ ಪಟಾಕಿ ಸದ್ದಿಗೇ ನಮ್ಮ ಹಸು ಸೊರೆ ಬಿಡೋದಿಲ್ಲ, ಇನ್ನು ನಮ್ಮ ತೋಟದಲ್ಲೂ ಹೊಡೆಸಿದರೆ ಹಾಲು ಮರೆತ ಹಾಗೇ.’ ಅವರಿಗೆ ಕಾವಲು ಅಂದರೆ 6 ಅಲ್ಲ, ಹಾಲಿನ 7 ಸೇರಿಸಿ 13. ಈಗ ಅವರ ಕಡೆಯಿಂದ ಮತ್ತೆ ಅಂಗೈ ಮುಚ್ಚಿ ನೋಡಿ. ನಾನು ಸುಮ್ಮನಿದ್ದರೆ ಅವರಿಗೆ 10 ಅಥವಾ 13, ಸುಮ್ಮನಿರುವುದೇ ಮೇಲು. ನಾನು ಕಾವಲು ಹಾಕಿದರೆ 20 ಅಥವಾ 21, ಆಗಲೂ ಸುಮ್ಮನಿರುವುದೇ ಮೇಲು. ಸಮತೋಲನ ಜಾರಿ ಬೇರೆ ಮನೆಗೆ ಬಂತು: ನನಗೆ 6, ಅವರಿಗೆ 20. ಅಷ್ಟು ದಿನ ಅವರ ಮುಖ ಯಾಕೆ ಗಂಟಾಗಿತ್ತು ಅಂತ ಆವತ್ತು ತಿಳಿಯಿತು. ಎದುರಿನವರ ಸಂಖ್ಯೆ ಬರೆಯುವಾಗ ನಮ್ಮ ಜಗಲಿಯಲ್ಲಿ ಕೂತು ಬರೆಯಬಾರದು, ಅವರ ಜಗಲಿಗೆ ಹೋಗಿ ಕೂರಬೇಕು, ಸಾಧ್ಯವಾದರೆ ಒಂದು ಲೋಟ ಕಾಫಿಯನ್ನೂ ಕುಡಿದು ಬರಬೇಕು. ಶುರು ಮಾಡುವವರಲ್ಲಿ ಮುಕ್ಕಾಲು ಪಾಲು ತಪ್ಪು ಗಣಿತದಲ್ಲಿ ಆಗುವುದಿಲ್ಲ, ಇಲ್ಲೇ ಆಗುತ್ತದೆ ಅಂತ ನನ್ನ ಅನಿಸಿಕೆ.

ಒಂದೇ ಗಾಡಿಯ ರಸ್ತೆ

ಇದು ಬೇಗ ಮುಗಿಯುತ್ತದೆ. ಎರಡೂ ಕಡೆ ಧರೆ, ಮಧ್ಯೆ ಒಂದೇ ಗಾಡಿ ಹಿಡಿಯುವ ರಸ್ತೆ, ಎದುರುಬದುರು ಎರಡು ಜೀಪು. ಇಬ್ಬರೂ ನುಗ್ಗಿದರೆ ಇಬ್ಬರಿಗೂ ಕಳೆಯುವ 5. ಒಬ್ಬ ನುಗ್ಗಿ ಇನ್ನೊಬ್ಬ ರಿವರ್ಸ್ ಹೊಡೆದರೆ ನುಗ್ಗಿದವನಿಗೆ 2, ಹಿಂದೆ ಸರಿದವನಿಗೆ ಕಳೆಯುವ 1. ಇಬ್ಬರೂ ಮರ್ಯಾದಸ್ಥರಾಗಿ ನಿಂತರೆ ಸೊನ್ನೆ, ಸೊನ್ನೆ. ಅಡಿಗೆರೆ ಹಾಕಿ ನೋಡಿ, ಈ ಸಲ ಎರಡು ಸಮತೋಲನ ಸಿಗುತ್ತದೆ: ನೀನು ನುಗ್ಗು ನಾನು ಸರಿಯುತ್ತೇನೆ, ಅಥವಾ ಅದರ ತಿರುಗು ಮುರುಗು. ಯಾವುದು ಅಂತ ಗಣಿತ ಹೇಳುವುದಿಲ್ಲ. ಹೇಳುವುದು ರೂಢಿ. ಆಗುಂಬೆಯಲ್ಲೋ ಹುಲಿಕಲ್ಲಿನಲ್ಲೋ ಘಾಟಿ ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು ಅನ್ನುವ ನಿಯಮ ಇದೆಯಲ್ಲ, ಅದು ಎರಡರಲ್ಲಿ ಒಂದನ್ನು ಆರಿಸಿ ಕೊಡುತ್ತದೆ. ಹೀಗೆ ಮಾತಿಲ್ಲದೆ ಎಲ್ಲರ ಕಣ್ಣೂ ಹೋಗಿ ನಿಲ್ಲುವ ಜಾಗಕ್ಕೆ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1960ರಲ್ಲಿ ಫೋಕಲ್ ಪಾಯಿಂಟ್ ಎಂದು ಹೆಸರಿಟ್ಟರು.

ಹಂದಿಯ ಜೊತೆ ಕಣ್ಣಾಮುಚ್ಚಾಲೆ

ಕೆಲವು ಚೌಕದಲ್ಲಿ ಎಷ್ಟು ಹುಡುಕಿದರೂ ಎರಡು ಅಡಿಗೆರೆಯ ಮನೆ ಸಿಗುವುದಿಲ್ಲ. ನ್ಯಾಶ್ ಹೇಳಿದ ಸಮತೋಲನ ಅಲ್ಲೂ ಇದೆ, ಆದರೆ ಅದು ಒಂದು ಮನೆಯಲ್ಲಿ ಇರುವುದಿಲ್ಲ, ಎರಡು ದಾರಿಗಳನ್ನು ಬೆರೆಸಿ ಆಡುವುದರಲ್ಲಿ ಇರುತ್ತದೆ. ನನಗೆ ಅತ್ಯಂತ ಇಷ್ಟದ ಭಾಗ ಇದು, ಸ್ವಲ್ಪ ನಿಧಾನವಾಗಿ ಹೋಗೋಣ.

ಭತ್ತ ಹೊಡೆ ತುಂಬಿದೆ, ರಾತ್ರಿ ಕಾಡುಹಂದಿ ಬರುತ್ತದೆ. ಮೇಲಿನ ಗದ್ದೆ, ಕೆಳಗಿನ ಗದ್ದೆ, ಎರಡಕ್ಕೂ ಮಾಳ ಇದೆ, ಆದರೆ ಕಾಯುವವನು ನಾನೊಬ್ಬ. ನಾನಿಲ್ಲದ ರಾತ್ರಿ ಹಂದಿ ಮೇಲಿನ ಗದ್ದೆಗೆ ಬಂದರೆ 3 ಚೀಲ ನಷ್ಟ, ಕೆಳಗಿನದಕ್ಕೆ ಬಂದರೆ 1 ಚೀಲ. ನಾನು ಇರುವ ಗದ್ದೆಗೇ ಬಂದರೆ ನಷ್ಟ ಇಲ್ಲ. ಯಾವ ಮಾಳದಲ್ಲಿ ಮಲಗಲಿ?

ದಿನಾ ಮೇಲಿನ ಗದ್ದೆಯಲ್ಲೇ ಮಲಗಿದರೆ ಹಂದಿ ವಾಸನೆ ಹಿಡಿದು ದಿನಾ ಕೆಳಗೆ ಬರುತ್ತದೆ. ಒಂದು ದಿನ ಬಿಟ್ಟು ಒಂದು ದಿನ ಅಂತ ಪಾಳಿ ಮಾಡಿದರೆ ಅದನ್ನೂ ಕಲಿಯುತ್ತದೆ. ಹಾಗಾಗಿ ನಾನು ಎಲ್ಲಿರುತ್ತೇನೆ ಅಂತ ನನಗೇ ಗೊತ್ತಿರಬಾರದು. ಮೇಲೆ ಮಲಗುವ ಸಾಧ್ಯತೆಯನ್ನು ‘ಪ’ ಎಂದು ಕರೆಯೋಣ. ಹಂದಿ ಮೇಲಕ್ಕೆ ಬಂದರೆ ಸರಾಸರಿ ನಷ್ಟ 3 × (1 − ಪ). ಕೆಳಕ್ಕೆ ಬಂದರೆ 1 × ಪ. ಎರಡರಲ್ಲಿ ಒಂದು ಜಾಸ್ತಿ ಇದ್ದರೆ ಹಂದಿ ಆ ಕಡೆಗೇ ವಾಲುತ್ತದೆ. ಆದ್ದರಿಂದ ಎರಡನ್ನೂ ಸಮ ಮಾಡಬೇಕು: 3 − 3ಪ = ಪ. ಅಂದರೆ 4ಪ = 3, ಪ = 3/4. ನಾಲ್ಕು ರಾತ್ರಿಯಲ್ಲಿ ಸರಾಸರಿ ಮೂರು ರಾತ್ರಿ ಮೇಲೆ, ಒಂದು ಕೆಳಗೆ. ಆಗ ಹಂದಿ ಎಲ್ಲಿಗೆ ಬಂದರೂ ಸರಾಸರಿ ನಷ್ಟ ಮುಕ್ಕಾಲು ಚೀಲ, ಅದಕ್ಕಿಂತ ಜಾಸ್ತಿ ಅದು ಕಿತ್ತುಕೊಳ್ಳಲು ಆಗುವುದಿಲ್ಲ.

ಮಾಡುವುದು ಹೇಗೆ? ಜೇಬಿನಲ್ಲಿ ಒಂದೇ ಗಾತ್ರದ ಮೂರು ಕೆಂಪು ಮಣಿ, ಒಂದು ಬಿಳಿ ಮಣಿ ಇಟ್ಟುಕೊಳ್ಳಿ. ಸಂಜೆ ಊಟ ಆದ ಮೇಲೆ ನೋಡದೆ ಒಂದನ್ನು ತೆಗೆಯಿರಿ. ಕೆಂಪಾದರೆ ಮೇಲೆ, ಬಿಳಿಯಾದರೆ ಕೆಳಗೆ. ತೆಗೆದದ್ದನ್ನು ವಾಪಸ್ ಹಾಕಲೇಬೇಕು, ಇಲ್ಲದಿದ್ದರೆ ಮತ್ತೆ ಪಾಳಿಯೇ ಆಯಿತು.

ಹಂದಿಯ ಕಡೆಯಿಂದಲೂ ಲೆಕ್ಕ ಮಾಡಿ. ಅದು ಮೇಲಿನ ಗದ್ದೆಗೆ ಬರುವ ಸಾಧ್ಯತೆ ‘ಹ’. ನಾನು ಮೇಲಿದ್ದರೆ ನಷ್ಟ 1 − ಹ, ಕೆಳಗಿದ್ದರೆ 3ಹ. ಸಮ ಮಾಡಿದರೆ ಹ = 1/4. ಗಮನಿಸಿದಿರಾ? ಬೆಳೆ ಜಾಸ್ತಿ ಇರುವ ಗದ್ದೆಗೆ ಹಂದಿ ಬರುವುದು ನಾಲ್ಕರಲ್ಲಿ ಒಂದು ಸಲ ಮಾತ್ರ. ಮೊದಲ ಸಲ ನೋಡಿದವರಿಗೆ ಇದು ಉಲ್ಟಾ ಅನಿಸುತ್ತದೆ. ಬೆಳೆ ಜಾಸ್ತಿ ಅಂತಲೇ ನಾನು ಅಲ್ಲಿ ಹೆಚ್ಚು ರಾತ್ರಿ ಕೂತಿರುತ್ತೇನೆ, ನಾನು ಕೂತಿರುತ್ತೇನೆ ಅಂತಲೇ ಅದು ಅಲ್ಲಿಗೆ ಕಡಿಮೆ ಬರುತ್ತದೆ. ಹಂದಿಗೆ ಬೀಜಗಣಿತ ಬರುತ್ತದಾ ಅಂತ ಕೇಳಬೇಡಿ. ಬರುವುದಿಲ್ಲ, ಆದರೆ ನಾಲ್ಕು ದಿನ ಪೆಟ್ಟು ತಿಂದರೆ ಅದರ ಕಾಲು ಆ ಲೆಕ್ಕದ ಹತ್ತಿರಕ್ಕೇ ಬರುತ್ತದೆ. ಒಬ್ಬರ ನಷ್ಟವೇ ಇನ್ನೊಬ್ಬರ ಲಾಭ ಆಗಿರುವ ಇಬ್ಬರ ಆಟಗಳಲ್ಲಿ ಹೀಗೆ ಎರಡು ಕಡೆಯ ಲೆಕ್ಕವೂ ಒಂದೇ ಅಂಕಿಗೆ, ಇಲ್ಲಿ ಮುಕ್ಕಾಲು ಚೀಲಕ್ಕೆ, ಬಂದು ನಿಲ್ಲಲೇಬೇಕು ಅಂತ ಸಾಧಿಸಿದವರು ಗಣಿತಜ್ಞ ಜಾನ್ ಫಾನ್ ನಾಯ್ಮನ್, 1928ರಲ್ಲಿ. ಈ ಶಾಸ್ತ್ರದ ಮೊದಲ ದೊಡ್ಡ ಪುಸ್ತಕವನ್ನು ಆಸ್ಕರ್ ಮಾರ್ಗೆನ್‌ಸ್ಟರ್ನ್ ಜೊತೆ ಸೇರಿ 1944ರಲ್ಲಿ ತಂದವರೂ ಅವರೇ.

ಮುಯ್ಯಿಗೆ ಮುಯ್ಯಿ

ಮಂಗನ ಚೌಕ ಬರೆದು ಬೇಜಾರಾಗಿದ್ದರೆ ಇದನ್ನು ಓದಿ. ಅಲ್ಲಿ ಆಟ ಒಂದೇ ಸಲ ನಡೆಯಿತು. ಊರಲ್ಲಿ ಯಾವ ಆಟ ಒಂದೇ ಸಲ ನಡೆಯುತ್ತದೆ ಹೇಳಿ?

ಮುಯ್ಯಾಳು ಗೊತ್ತಲ್ಲ. ನಿಮ್ಮ ಮನೆಯ ಅಡಿಕೆ ಸುಲಿಯಲು ನಾವು ಬರುತ್ತೇವೆ, ನಮ್ಮ ಮನೆಗೆ ನೀವು ಬನ್ನಿ, ಕೂಲಿ ಮಾತಿಲ್ಲ. ಕೊಯ್ದ ಹಸಿ ಅಡಿಕೆಯನ್ನು ಬೇಗ ಸುಲಿದು ಬೇಯಿಸಬೇಕು, ಹಾಗಾಗಿ ಆ ದಿನ ಸಿಗುವ ಆಳಿನ ಬೆಲೆಯೇ ಬೇರೆ. ಸಹಾಯ ಮಾಡಿದವನಿಗೆ ಖರ್ಚು 2, ಮಾಡಿಸಿಕೊಂಡವನಿಗೆ ಲಾಭ 3 ಅಂತ ಇಡಿ. ಇಬ್ಬರೂ ಹೋಗಿ ಬಂದರೆ ತಲೆಗೆ 1. ಅವನು ಬಂದು, ನಾನು ಬೆನ್ನು ನೋವು ಅಂತ ಮಲಗಿದರೆ ನನಗೆ 3, ಅವನಿಗೆ ಕಳೆಯುವ 2. ಯಾರೂ ಹೋಗದಿದ್ದರೆ ಸೊನ್ನೆ. ಚೌಕ ಬರೆದರೆ ಮಂಗನ ಚೌಕದ್ದೇ ಆಕಾರ, ಬೆನ್ನು ನೋವೇ ಡಾಮಿನೆಂಟ್. ಆದರೂ ತಲೆಮಾರುಗಟ್ಟಲೆ ಮುಯ್ಯಾಳು ನಡೆಯಿತು. ಹೇಗೆ?

ಮುಂದಿನ ವರ್ಷ ಇದೆ ಅನ್ನುವುದೇ ಉತ್ತರ. ನಾಳೆಯ ಒಂದು ರೂಪಾಯಿ ಇವತ್ತಿಗೆ ಎಷ್ಟು ತೂಗುತ್ತದೆ ಅನ್ನುವುದನ್ನು ‘ನ’ ಅನ್ನೋಣ, ಸೊನ್ನೆಗೂ ಒಂದಕ್ಕೂ ಮಧ್ಯದ ಸಂಖ್ಯೆ. ನಂಬಿಕೆಯಿಂದ ನಡೆದರೆ ಸಿಗುವುದು 1 + ನ + ನ² + ನ³, ಹೀಗೇ ಮುಂದಕ್ಕೆ. ಇದರ ಮೊತ್ತ ‘ಮ’ ಆದರೆ, ಮೊದಲ 1 ಬಿಟ್ಟು ಉಳಿದದ್ದೆಲ್ಲಾ ನ × ಮ. ಅಂದರೆ ಮ = 1 + ನ×ಮ, ಆದ್ದರಿಂದ ಮ = 1/(1 − ನ). ಈ ವರ್ಷ ಕೈ ಕೊಟ್ಟರೆ 3 ಸಿಗುತ್ತದೆ, ಆಮೇಲೆ ಯಾರೂ ನಿಮ್ಮ ಅಂಗಳಕ್ಕೆ ಕಾಲಿಡುವುದಿಲ್ಲ, ಸೊನ್ನೆ. ‘ನ’ 0.9 ಇದ್ದರೆ ಮೊತ್ತ 10, ಕೈ ಕೊಡುವುದು ಮೂರ್ಖತನ. 0.5 ಇದ್ದರೆ ಮೊತ್ತ 2, ಮೂರಕ್ಕಿಂತ ಕಡಿಮೆ, ಬೆನ್ನು ನೋವು ಶುರು. ಗಡಿ 2/3.

ಆ ‘ನ’ ಒಳಗೆ ಬಹಳ ಸಂಗತಿ ಅಡಗಿದೆ. ಪಕ್ಕದವನು ಮುಂದಿನ ವರ್ಷವೂ ಇಲ್ಲೇ ಇರುತ್ತಾನಾ? ಮಗ ಬೆಂಗಳೂರಿಗೆ ಕರೆಯುತ್ತಿದ್ದಾನೆ, ತೋಟ ಕೊಡುವ ಮಾತು ನಡೆದಿದೆ ಅಂತ ಸುದ್ದಿಯಾದ ಮನೆಗೆ ಮುಯ್ಯಾಳು ಹೋಗುವುದು ಮೊದಲು ನಿಲ್ಲುತ್ತದೆ, ನೋಡಿರಬಹುದು. ಯಾರೂ ಲೆಕ್ಕ ಬರೆದು ನಿಲ್ಲಿಸಿದ್ದಲ್ಲ, ಆದರೆ ಲೆಕ್ಕ ಅದೇ.

ಬೀಜದ ಆಟದ ಉರುಳು ಇಲ್ಲಿ ಬರುತ್ತದೆ. ಸರಿಯಾಗಿ ಹತ್ತೇ ವರ್ಷ ಅಂತ ಇಬ್ಬರಿಗೂ ಮೊದಲೇ ಗೊತ್ತಿದ್ದರೆ? ಹತ್ತನೇ ವರ್ಷ ಮುಂದಿನ ವರ್ಷದ ಹೆದರಿಕೆ ಇಲ್ಲ, ಇಬ್ಬರೂ ಕೈ ಕೊಡುತ್ತಾರೆ. ಅದು ಹೇಗೂ ಆಗುವುದೇ ಅಂದಮೇಲೆ ಒಂಬತ್ತನೇ ವರ್ಷ ಯಾಕೆ ಹೋಗಬೇಕು? ಎಂಟನೇ ವರ್ಷ? ಹಿಂದಕ್ಕೆ ನಡೆಯುತ್ತಾ ಮೊದಲ ವರ್ಷಕ್ಕೇ ಬಂದು ಬೀಳುತ್ತೇವೆ. ಕಾಗದದ ಮೇಲೆ ಸರಿ. ಮನುಷ್ಯರು ಹೀಗೆ ಪೂರ್ತಿ ಹಿಂದಕ್ಕೆ ನಡೆಯುವುದಿಲ್ಲ, ಪುಣ್ಯ.

1980ರ ಸುಮಾರಿಗೆ ಮಿಶಿಗನ್ ವಿಶ್ವವಿದ್ಯಾಲಯದ ರಾಬರ್ಟ್ ಆಕ್ಸೆಲ್ರಾಡ್ ಕಂಪ್ಯೂಟರಿನಲ್ಲಿ ಒಂದು ಪಂದ್ಯ ನಡೆಸಿದರು. ಕೈದಿಗಳ ಇಕ್ಕಟ್ಟನ್ನು ಮತ್ತೆ ಮತ್ತೆ ಆಡುವ ಪ್ರೋಗ್ರಾಂ ಕಳಿಸಿ ಅಂತ ಪಂಡಿತರಿಗೆಲ್ಲಾ ಕರೆ ಕೊಟ್ಟರು. ಗೆದ್ದದ್ದು ಅನಾಟೋಲ್ ರಾಪೊಪೋರ್ಟ್ ಕಳಿಸಿದ, ಎಲ್ಲಕ್ಕಿಂತ ಚಿಕ್ಕ ಪ್ರೋಗ್ರಾಂ. ಮೊದಲ ಸಲ ಒಳ್ಳೆಯವನಾಗಿರು, ಆಮೇಲೆ ಎದುರಿನವನು ಹಿಂದಿನ ಸಲ ಏನು ಮಾಡಿದನೋ ಅದನ್ನೇ ಮಾಡು, ಅಷ್ಟೇ. ಎರಡನೇ ಪಂದ್ಯಕ್ಕೆ 62 ಪ್ರೋಗ್ರಾಂ ಬಂದವು, ಮೊದಲ ಪಂದ್ಯದ ಫಲಿತಾಂಶ ಎಲ್ಲರ ಕೈಯಲ್ಲೂ ಇತ್ತು, ಆಗಲೂ ಅದೇ ಗೆದ್ದಿತು. ಕನ್ನಡದಲ್ಲಿ ಅದಕ್ಕೆ ಹೊಸ ಹೆಸರು ಕಟ್ಟಬೇಕಾಗಿಲ್ಲ, ಮುಯ್ಯಿಗೆ ಮುಯ್ಯಿ. ಆಳು ಕೊಟ್ಟರೂ ಮುಯ್ಯಿ, ಸೇಡು ತೀರಿಸಿದರೂ ಮುಯ್ಯಿ. ಒಂದೇ ಪದ ಎರಡಕ್ಕೂ ಬರುವುದು ಯಾಕೆ ಅಂತ ನನಗೆ ತಿಳಿದದ್ದು ಈ ಲೆಕ್ಕ ಮಾಡಿದ ಮೇಲೆಯೇ.

ಮಂಡಿಯ ಚೀಟಿ

ಕೊನೆಗೆ ಟೆಂಡರ್, ಅಂದರೆ ವ್ಯಾಪಾರಿಗಳು ಗುಟ್ಟಾಗಿ ಚೀಟಿಯಲ್ಲಿ ದರ ಬರೆದು ಹಾಕುವುದು; ಹೆಚ್ಚು ಬರೆದವನು ಬರೆದಷ್ಟು ಕೊಟ್ಟು ಕೊಳ್ಳುತ್ತಾನೆ. ಇದರ ಗಣಿತ ಸ್ವಲ್ಪ ಭಾರ, ಒಂದು ಉದಾಹರಣೆಯಲ್ಲಿ ಮುಗಿಸುತ್ತೇನೆ. ನೀವು ವ್ಯಾಪಾರಿ ಅಂದುಕೊಳ್ಳಿ. ಒಂದು ರಾಶಿ ಅಡಿಕೆಯ ಲಾಟು ನಿಮಗೆ ಕ್ವಿಂಟಲ್ಲಿಗೆ 48 ಸಾವಿರ ಬಾಳುತ್ತದೆ. ಎದುರಾಳಿ ಒಬ್ಬನೇ, ಅವನ ಚೀಟಿ 40ರಿಂದ 45 ಸಾವಿರದ ಒಳಗೆ ಎಲ್ಲಿ ಬೇಕಾದರೂ ಇರಬಹುದು, ಎಲ್ಲಾ ದರಕ್ಕೂ ಸಮ ಸಾಧ್ಯತೆ. 48 ಬರೆದರೆ ಗೆದ್ದೇ ಗೆಲ್ಲುತ್ತೀರಿ, ಲಾಭ ಸೊನ್ನೆ. 45 ಬರೆದರೂ ಗೆಲುವು ಖಾತ್ರಿ, ಲಾಭ 3 ಸಾವಿರ. 44 ಬರೆದರೆ ನೂರಕ್ಕೆ 80 ಸಲ ಗೆಲುವು, ಲಾಭ 4, ಸರಾಸರಿ 3.2. 43 ಬರೆದರೆ ನೂರಕ್ಕೆ 60, ಲಾಭ 5, ಸರಾಸರಿ 3. ಹಾಗಾಗಿ 44. ಮನಸ್ಸಿನಲ್ಲಿರುವ ಬೆಲೆಗಿಂತ ಕೆಳಗೇ ಬರೆಯುವುದು ವ್ಯಾಪಾರಿಯ ಕಪಟ ಅಲ್ಲ, ಈ ಬಗೆಯ ಹರಾಜಿನ ಸ್ವಭಾವ. ಸ್ಪರ್ಧಿಗಳು ಹೆಚ್ಚಿದಷ್ಟೂ ಚೀಟಿ ನಿಜ ಬೆಲೆಯ ಹತ್ತಿರಕ್ಕೆ ಏರುತ್ತದೆ. ಅದಕ್ಕೇ ಬೆಳೆಗಾರ ನೋಡಬೇಕಾದದ್ದು ಎಷ್ಟು ಜನ ಚೀಟಿ ಹಾಕಿದರು ಅನ್ನುವುದನ್ನು. ಗೆದ್ದವನು ತಾನು ಬರೆದದ್ದನ್ನಲ್ಲ, ಎರಡನೆಯವನು ಬರೆದ ದರವನ್ನು ಕೊಡಲಿ ಅಂತ ನಿಯಮ ಮಾಡಿದರೆ ನಿಜ ಬೆಲೆಯನ್ನೇ ಬರೆಯುವುದು ಎಲ್ಲರಿಗೂ ಕ್ಷೇಮ ಎಂದು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ತೋರಿಸಿದರು. 1996ರಲ್ಲಿ ನೊಬೆಲ್ ಘೋಷಣೆಯಾಗಿ ಮೂರೇ ದಿನಕ್ಕೆ ಅವರು ತೀರಿಕೊಂಡರು.

ಈ ವಾರ ಮಾಡಲು ಒಂದು ಕೆಲಸ. ನಿಮ್ಮ ಸುತ್ತಲಿನ ಒಂದು ಜಗಳ ಆರಿಸಿ, ಹಳ್ಳದ ನೀರಿಗೆ ಪಂಪು ಇಡುವುದೋ, ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕಡಿಯುವುದೋ. ಇಬ್ಬರಿಗೆ ಇಳಿಸಿ ನಾಲ್ಕು ಮನೆಯ ಚೌಕ ಬರೆಯಿರಿ, ಎದುರಿನವರ ಸಂಖ್ಯೆಯನ್ನು ಅವರನ್ನೇ ಕೇಳಿ ತುಂಬಿ. ಆಮೇಲೆ ಬೀಜ ತೆಗೆದು ಆಟದ ನಿಯಮ ತಿರುಗಿಸಿ: ಈ ಸಲ ಕೊನೆಯ ಬೀಜ ತೆಗೆದವರು ಸೋತರು. ಮತ್ತೆ ಕೊನೆಯಿಂದ ಹಿಂದಕ್ಕೆ ನಡೆಯಿರಿ. ಎದುರಿನವರಿಗೆ 1 ಬಿಡಬೇಕು, ಅದಕ್ಕೂ ಮುಂಚೆ 5, 9, 13, 17, ಅದಕ್ಕೂ ಮುಂಚೆ 21. ಮೊದಲು ಕೈ ಹಾಕಿದವರೇ ಸೋಲುತ್ತಾರೆ. ಅದಕ್ಕೇ ಅಕ್ಕನ ಮಗಳು ಈಗ ಬೀಜ ಎಣಿಸಿಟ್ಟು, ಬಹಳ ಮರ್ಯಾದೆಯಿಂದ, ‘ಮಾಮ, ನೀವು ದೊಡ್ಡವರು, ನೀವೇ ಮೊದಲು ತೆಗೀರಿ’ ಅನ್ನುತ್ತಾಳೆ.